ಮ್ಯಾಲಿನ ಖೋಲಿಯಿಂದ ಪಡಸಾಲಿಗೆ: ಹಮ್ಮಿಗಿಯ ಒಂದು ಮನೆಯೊಳಗಿನ ಧ್ವನಿಪ್ರಯಾಣ ಕುರಿತು ಶಾಸ್ತ್ರೀಯ ಅಧ್ಯಯನ

ಗದಗ ಜಿಲ್ಲೆಯ ಚರಿತ್ರೆ ಬರೆದ ವಿದ್ವಾಂಸರೆಲ್ಲ ಒಂದು ವಿಷಯದಲ್ಲಿ ಒಮ್ಮತದಿಂದ ಸುಮ್ಮನಿದ್ದಾರೆ. ಲಕ್ಕುಂಡಿಯ ಶಾಸನಗಳಲ್ಲಿ ದಾನವಿದೆ, ದತ್ತಿಯಿದೆ, ದತ್ತಿ ಕೆಡಿಸಿದವರಿಗೆ ಶಾಪವೂ ಇದೆ. ಆದರೆ ಒಂದು ಲಿನಕ್ಸ್ ಕಂಪ್ಯೂಟರಿನಲ್ಲಿ ಹುಟ್ಟಿದ ಧ್ವನಿಯನ್ನು ಅದೇ ಮನೆಯ ಇನ್ನೊಂದು ಲಿನಕ್ಸ್ ಕಂಪ್ಯೂಟರಿಗೆ ಮುಟ್ಟಿಸುವುದು ಹೇಗೆಂಬ ಬಗ್ಗೆ ಒಂದಕ್ಷರವಿಲ್ಲ. ಡಂಬಳದ ದೊಡ್ಡಬಸಪ್ಪ ಗುಡಿಯ ನಕ್ಷತ್ರಾಕಾರದ ತಳವಿನ್ಯಾಸವನ್ನು ಅಳೆದವರು ಎಷ್ಟೋ ಮಂದಿ; ಅಷ್ಟು ಮೂಲೆಗಳ ಕಲ್ಲುಗೋಡೆ ದಾಟಿ ವೈಫೈ ಎಷ್ಟು ದೂರ ಹೋದೀತೆಂದು ಕೇಳಿದವರು ಒಬ್ಬರೂ ಇಲ್ಲ. ಈ ಅಕ್ಷಮ್ಯ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಅಧ್ಯಯನದ ಕ್ಷೇತ್ರ ಮುಂಡರಗಿ ತಾಲ್ಲೂಕಿನ ಹಮ್ಮಿಗಿ. ತುಂಗಭದ್ರೆಯ ದಂಡೆ, ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜು ಇರುವ ಊರು. ಊರೆಲ್ಲ ಎಂದರೆ ವ್ಯಾಪ್ತಿ ಅತಿಯಾಗುತ್ತದೆಂದು ಒಂದು ಮನೆಯನ್ನು, ಆ ಮನೆಯಲ್ಲೂ ಎರಡು ಖೋಲಿಗಳನ್ನು ಮಾತ್ರ ಆಯ್ದುಕೊಳ್ಳಲಾಗಿದೆ. ಇದು ಬಹಳ ಇಕ್ಕಟ್ಟಾಯಿತೆಂದು ಆಕ್ಷೇಪಿಸುವವರು, ಒಂದೇ ಪ್ರತ್ಯಯದ ಮೇಲೆ ಪಿಎಚ್.ಡಿ. ಕೊಟ್ಟ ನಾಡು ಇದೆಂಬುದನ್ನು ನೆನೆಯಬೇಕು. ಅದರೆದುರು ಎರಡು ಖೋಲಿ ಎಂದರೆ ಸಾಮ್ರಾಜ್ಯ.

ಮ್ಯಾಲಿನ ಖೋಲಿಯಲ್ಲಿ ಮೊಮ್ಮಗ. ಬೆಂಗಳೂರಿನ ಒಂದು ಕಂಪನಿಯ ಕೆಲಸವನ್ನು ಮನೆಯಿಂದಲೇ ಮಾಡುವವನು. ಅವನ ಮುಂದೆ ಒಂದು ಲ್ಯಾಪ್‌ಟಾಪು. ಅದರ ಸ್ಪೀಕರುಗಳು ಹೆಸರಿಗೆ ಎರಡು, ದನಿಗೆ ಅರ್ಧ. ಕೆಳಗಿನ ಪಡಸಾಲಿಯಲ್ಲಿ ಹಳೆಯ ಡೆಸ್ಕ್‌ಟಾಪು. ವಿಂಡೋಸಿನ ಹೊಸ ಆವೃತ್ತಿ ತಾಳದೆಂದಾದ ಮೇಲೆ ಲಿನಕ್ಸ್ ಹಾಕಿಸಿಕೊಂಡು ವಾನಪ್ರಸ್ಥ ನಡೆಸಿರುವಂಥದು. ಅದಕ್ಕೆ ಹೊಂದಿಸಿದ ಆಂಪ್ಲಿಫೈಯರು, ಆಂಪ್ಲಿಫೈಯರಿಗೆ ಎರಡು ದೊಡ್ಡ ಬಾಕ್ಸು, ಬಾಕ್ಸುಗಳ ನಡುವೆ ಕುರ್ಚಿ, ಕುರ್ಚಿಯ ಮೇಲೆ ಅಜ್ಜ. ಅಜ್ಜನಿಗೆ ಬೇಕಾದದ್ದು ಪುಟ್ಟರಾಜ ಗವಾಯಿಗಳ ಗಾಯನ. ಅದು ಇರುವುದು ಮೇಲೆ, ಬಾಕ್ಸು ಇರುವುದು ಕೆಳಗೆ. ಸಮಸ್ಯೆ ಇಷ್ಟೇ.

ಹಾಗಾದರೆ ಹಾಡುಗಳನ್ನು ಪೆನ್‌ಡ್ರೈವಿಗೆ ಹಾಕಿ ಕೆಳಗೆ ತಂದು ಕೊಡಬಹುದಲ್ಲ ಎಂಬುದು ಪೂರ್ವಪಕ್ಷ. ಬಹಳ ಪ್ರಬಲವಾದ ಪೂರ್ವಪಕ್ಷ. ಅದನ್ನು ಒಪ್ಪಿದರೆ ಪ್ರಬಂಧ ಇಲ್ಲಿಗೇ ಮುಗಿಯುತ್ತದಾದ್ದರಿಂದ ಖಂಡಿಸುವುದು ಅನಿವಾರ್ಯ. ಖಂಡನೆ ಹೀಗಿದೆ: ಪೆನ್‌ಡ್ರೈವು ಹಾಡನ್ನು ಒಯ್ಯುತ್ತದೆಯೇ ಹೊರತು ಈಗ ನಡೆಯುತ್ತಿರುವ ಹಾಡನ್ನು ಒಯ್ಯುವುದಿಲ್ಲ. ಯಾವುದು ಈಗ ನಡೆದಿದೆಯೋ ಅದನ್ನು ಈಗಲೇ ಅಲ್ಲಿ ಕೇಳಿಸಬೇಕು. ಈ ‘ಈಗ’ ಎಂಬುದೇ ಎಲ್ಲ ತಾಪತ್ರಯಕ್ಕೂ ಮೂಲವೆಂದು ಮುಂದೆ ಸಾಧಿಸಿ ತೋರಿಸಲಾಗುವುದು.

ಪೂರ್ವಸೂರಿಗಳು

ಧ್ವನಿ ಒಂದು ಕಡೆ, ಕಿವಿ ಒಂದು ಕಡೆ ಇದ್ದಾಗ ಮಾರ್ಗಗಳು ಎರಡೇ. ಕಿವಿಯನ್ನು ಒಯ್ಯುವುದು, ಇಲ್ಲವೇ ಧ್ವನಿಯನ್ನು ತರುವುದು. ಮೊದಲನೆಯ ಮಾರ್ಗಕ್ಕೆ ಈ ಜಿಲ್ಲೆಯೇ ಮೇಲ್ಪಂಕ್ತಿ ಹಾಕಿಕೊಟ್ಟಿದೆ. 1922ರಲ್ಲಿ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಹನ್ನೊಂದರ ವಯಸ್ಸಿಗೆ ಮನೆ ಬಿಟ್ಟು, ಗುರುವನ್ನು ಅರಸುತ್ತ ಗ್ವಾಲಿಯರ್, ಜಲಂಧರ್ ಎಂದು ಉತ್ತರವನ್ನೆಲ್ಲ ಸುತ್ತಿ, ಕಟ್ಟಕಡೆಗೆ ಮನೆಯ ಹತ್ತಿರದ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿ ಬಂದು ನಿಂತರು. ನೆಟ್‌ವರ್ಕಿನ ಪರಿಭಾಷೆಯಲ್ಲಿ ಹೇಳುವುದಾದರೆ ಪಕ್ಕದಲ್ಲೇ ಇದ್ದ ಸರ್ವರಿಗೆ ಪ್ಯಾಕೆಟ್ಟು ಪಂಜಾಬಿನ ಮೇಲೆ ಹಾಯ್ದು ಬಂತು. ವಿಳಂಬ, ಸುಮಾರು ಮೂರು ವರ್ಷ. ಪ್ಯಾಕೆಟ್ಟು ಮಾತ್ರ ನಷ್ಟವಾಗಲಿಲ್ಲವೆಂಬುದಕ್ಕೆ ನಾವೆಲ್ಲ ಸಾಕ್ಷಿ.

ಎರಡನೆಯ ಮಾರ್ಗದ ಆದ್ಯ ಆಚಾರ್ಯರು ಮೈಸೂರಿನ ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ತಮ್ಮ ಮನೆ ವಿಠ್ಠಲ ವಿಹಾರದಲ್ಲೇ 30 ವ್ಯಾಟಿನ ಪ್ರಸಾರಯಂತ್ರ ಇಟ್ಟುಕೊಂಡು ಆಕಾಶವಾಣಿ ಆರಂಭಿಸಿದವರು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಅವರು ಪಾಠ ಹೇಳುತ್ತಿದ್ದುದು ಭೌತಶಾಸ್ತ್ರವನ್ನಲ್ಲ, ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರವನ್ನು. ಧ್ವನಿ ಸಾಗಿಸುವುದು ಮೂಲತಃ ಮಾನಸಿಕ ಸಮಸ್ಯೆ ಎಂಬ ನಮ್ಮ ಮತಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣ ಬೇಕಿಲ್ಲ. ಆಮೇಲೆ 1950ರ ಜನವರಿ 8ರಂದು ಧಾರವಾಡದ ನಿಲಯ ಬಂತು; ಹಮ್ಮಿಗಿಯ ಕಿವಿಗಳಿಗೆ ಕುಳಿತಲ್ಲೇ ಕೆಲಸ ಸಿಕ್ಕಿತು.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ ದೃಷ್ಟಾಂತ ಕೋಲಾರ ಜಿಲ್ಲೆಯ ಬೂದಿಕೋಟೆಯದು. (ಹೈದರಾಲಿ ಹುಟ್ಟಿದ ಊರು. ಪ್ರಬಂಧಕ್ಕೆ ಇದರ ಸಂಬಂಧವಿಲ್ಲ. ಗೊತ್ತಿರುವುದನ್ನು ಹೇಳದೆ ಬಿಡುವುದು ಸಂಶೋಧಕನ ಧರ್ಮವಲ್ಲ.) ಅಲ್ಲಿಯ ‘ನಮ್ಮ ಧ್ವನಿ’ ಸಮುದಾಯ ಕೇಂದ್ರದವರಿಗೆ ರೇಡಿಯೋ ನಡೆಸುವ ಆಸೆಯಿತ್ತು, ಪರವಾನಗಿ ಇರಲಿಲ್ಲ. ಹಳ್ಳಿಯ ಸಂಘಗಳಿಗೆ ಪ್ರಸಾರದ ಬಾಗಿಲು ತೆರೆದದ್ದೇ 2006ರಲ್ಲಿ. ಅವರು ಅಷ್ಟರವರೆಗೆ ಕಾಯದೆ, ಊರ ಟಿ.ವಿ. ಕೇಬಲ್ಲಿನೊಳಗೆ ಧ್ವನಿಯನ್ನು ತೂರಿಸಿ ಮನೆಮನೆಗೆ ಮುಟ್ಟಿಸಿದರು. ಗಾಳಿಗೆ ಲೈಸೆನ್ಸು ಬೇಕು, ತಂತಿಗೆ ಬೇಡ. ಹೀಗೆ ಪರವಾನಗಿ ಕೇಳದೆ ಧ್ವನಿ ಸಾಗಿಸುವ ಪರಂಪರೆಯಲ್ಲೇ ನಮ್ಮ ಹಮ್ಮಿಗಿಯ ಪ್ರಯೋಗವೂ ನಡೆದದ್ದು. ಅಜ್ಜನ ಲೈಸೆನ್ಸೊಂದು ಬೇಕಾಯಿತು, ಅದು ಬೇರೆ ಮಾತು.

ಕಾಲ, ದೇಶ, ಮತ

ಯಾವುದೇ ಕೃತಿಯ ಗುಣ ನೋಡುವ ಮೊದಲು ಕರ್ತೃವಿನ ಕಾಲ, ದೇಶ, ಮತಗಳನ್ನು ಇತ್ಯರ್ಥ ಮಾಡಬೇಕೆಂಬುದು ನಮ್ಮ ಪರಂಪರೆ. ಎಷ್ಟೋ ಸಲ ಇತ್ಯರ್ಥ ಮುಗಿಯುವಷ್ಟರಲ್ಲಿ ಪುಟಗಳೂ ಮುಗಿದು, ಕೃತಿಯ ಗೊಡವೆಯೇ ತಪ್ಪುತ್ತದೆ. ಅದೇನೇ ಇರಲಿ.

ಲಿನಕ್ಸ್ ಧ್ವನಿಸಾಹಿತ್ಯವನ್ನು ಪೂರ್ವಪಲ್ಸ್ ಯುಗ, ಪಲ್ಸ್ ಯುಗ, ಪೈಪ್ ಯುಗ ಎಂದು ಮೂರಾಗಿ ವಿಂಗಡಿಸಬಹುದು. ಪೂರ್ವಪಲ್ಸ್ ಯುಗದಲ್ಲಿ ಎಷ್ಟೋ ಸಲ ಒಂದು ಪ್ರೋಗ್ರಾಮು ಸೌಂಡ್ ಕಾರ್ಡನ್ನು ಹಿಡಿದರೆ ಉಳಿದವು ಬಾಯಿ ಮುಚ್ಚಿಕೊಂಡಿರಬೇಕಾಗಿತ್ತು. ಎಲ್ಲರ ಧ್ವನಿಯನ್ನೂ ಕಲಸಿ ಒಂದೇ ಕಾರ್ಡಿಗೆ ಸುರಿಯುವ ಮಧ್ಯವರ್ತಿ ಪಲ್ಸ್‌ಆಡಿಯೋ. ಇದರ ಕಾಲದ ಬಗ್ಗೆ ಎರಡು ಪಕ್ಷಗಳಿವೆ. 2004ರಲ್ಲಿ ಬಂದಾಗ ಇದರ ಹೆಸರು ಪಾಲಿಪ್‌ಆಡಿಯೋ; ಈಗಿನ ಹೆಸರು ಬಂದದ್ದು 2006ರಲ್ಲಿ. ಜನನವನ್ನು ಲೆಕ್ಕ ಹಿಡಿಯಬೇಕೋ ನಾಮಕರಣವನ್ನೋ? ಕುಮಾರವ್ಯಾಸನನ್ನು ಕೋಳಿವಾಡಕ್ಕೆ ಕೊಡಬೇಕೋ ಗದುಗಿಗೋ ಎಂದು ಎಳೆದಾಡಿದ ಜನಕ್ಕೆ ಇದು ದೊಡ್ಡ ಪ್ರಶ್ನೆಯಲ್ಲ. ಎರಡೂ ಊರಲ್ಲಿ ಒಂದೊಂದು ವಿಚಾರ ಸಂಕಿರಣ ಇಟ್ಟುಕೊಂಡರಾಯಿತು. ದೇಶದ ವಿಷಯ ಇನ್ನೂ ಜಟಿಲ. ಕರ್ತೃ ಲೆನಾರ್ಟ್ ಪೊಟ್ಟರಿಂಗ್ ಹುಟ್ಟಿದ್ದು ಗ್ವಾಟೆಮಾಲಾದಲ್ಲಿ, ಬೆಳೆದದ್ದು ಬ್ರೆಜಿಲ್ ಮತ್ತು ಜರ್ಮನಿಯಲ್ಲಿ. ಮತ, ಮುಕ್ತ ತಂತ್ರಾಂಶ. 2022ರಲ್ಲಿ ಅವರು ಮೈಕ್ರೋಸಾಫ್ಟ್ ಸೇರಿದ್ದನ್ನು ಮತಾಂತರವೆನ್ನಬೇಕೋ ಬರಿಯ ಸ್ಥಳಾಂತರವೆನ್ನಬೇಕೋ ಎಂಬಲ್ಲಿ ಭಕ್ತರಲ್ಲಿ ಒಮ್ಮತವಿಲ್ಲ.

ಪೈಪ್ ಯುಗದ ಪ್ರವರ್ತಕ ಬೆಲ್ಜಿಯಮ್ಮಿನ ವಿಮ್ ಟೇಮನ್ಸ್. ಅವರ ಪೈಪ್‌ವೈರ್ 2021ರಲ್ಲಿ ಫೆಡೋರಾ 34ರ ಮೂಲಕ ಧ್ವನಿಯ ಪಟ್ಟಕ್ಕೇರಿತು, 2023ರ ನವೆಂಬರಿನಲ್ಲಿ 1.0 ಎನಿಸಿಕೊಂಡಿತು. ಹಳೆಯ ಅರಸನ ಬಿರುದುಗಳನ್ನೆಲ್ಲ ಹೊಸಬನೂ ಹೊರುವುದು ಚಾಲುಕ್ಯರ ಕಾಲದಿಂದ ನಡೆದುಬಂದ ಪದ್ಧತಿ. ಪೈಪ್‌ವೈರ್ ಕೂಡ ಪಲ್ಸ್‌ಆಡಿಯೋದ ಭಾಷೆಯಲ್ಲೇ ಮಾತಾಡುತ್ತದೆ, ಅದರ 4713ನೇ ಪೋರ್ಟಿನಲ್ಲೇ ಕದ ತೆರೆದು ಕೂರಬಲ್ಲದು. ಹೀಗಾಗಿ ಮೇಲೆ ಪೈಪು, ಕೆಳಗೆ ಪಲ್ಸು ಇದ್ದರೂ ನಮ್ಮ ಮನೆಯ ಪ್ರಯೋಗಕ್ಕೆ ಬಾಧೆಯಾಗಲಿಲ್ಲ.

ಅತ್ತಿಮಬ್ಬೆಯ ಸಮಸ್ಯೆ

ಈಗ ತತ್ತ್ವಕ್ಕೆ ಬರೋಣ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಸಿ ಹಂಚಿದಳೆಂಬುದು ಎಲ್ಲರಿಗೂ ಗೊತ್ತು. ಲಕ್ಕುಂಡಿಯಲ್ಲಿ ಆಕೆ ಕಟ್ಟಿಸಿದ ಬಸದಿ ಇಂದಿಗೂ ನಿಂತಿದೆ. ಇದುವರೆಗಿನ ವಿದ್ವಾಂಸರು ಇದನ್ನು ದಾನದ ದೃಷ್ಟಿಯಿಂದ ನೋಡಿದರು, ಧರ್ಮದ ದೃಷ್ಟಿಯಿಂದ ನೋಡಿದರು. ಬ್ಯಾಂಡ್‌ವಿಡ್ತಿನ ದೃಷ್ಟಿಯಿಂದ ಇದೇ ಮೊದಲು.

ಒಬ್ಬೊಬ್ಬ ಓದುಗನಿಗೂ ಒಂದೊಂದು ಪ್ರತಿ ಕಳಿಸುವುದು ಯುನಿಕಾಸ್ಟ್. ಒಬ್ಬ ಗಮಕಿ ಜಗಲಿಯ ಮೇಲೆ ಕುಳಿತು ಒಮ್ಮೆ ಓದಿದ್ದನ್ನು ಊರೇ ಕೇಳುವುದು ಮಲ್ಟಿಕಾಸ್ಟ್. ಮೊದಲನೆಯದರ ಖರ್ಚು ಕೇಳುಗರ ಸಂಖ್ಯೆಯಷ್ಟು ಪಟ್ಟು. ಸೆಕೆಂಡಿಗೆ 48,000 ಮಾದರಿ, ಒಂದೊಂದು ಮಾದರಿಗೆ 16 ಬಿಟ್, ಎಡಕ್ಕೊಂದು ಬಲಕ್ಕೊಂದು ಎಂದು ಎರಡು ಚಾನೆಲ್. ಗುಣಿಸಿದರೆ ಸೆಕೆಂಡಿಗೆ 15,36,000 ಬಿಟ್. ಅಜ್ಜ ಒಬ್ಬನೇ ಆದರೆ ಒಂದೂವರೆ ಮೆಗಾಬಿಟ್ಟಿನಲ್ಲಿ ಕೆಲಸ ಮುಗಿಯಿತು. ಅತ್ತಿಮಬ್ಬೆ ಇದೇ ಲೆಕ್ಕದಲ್ಲಿ ಸಾವಿರ ಮನೆಗೆ ಕಳಿಸಿದ್ದರೆ ಒಂದೂವರೆ ಗಿಗಾಬಿಟ್ ಬೇಕಾಗುತ್ತಿತ್ತು. ಸಾಮಾನ್ಯ 100 ಮೆಗಾಬಿಟ್ ತಂತಿಯಲ್ಲಿ ಅರವತ್ತೈದನೆಯ ಶ್ರಾವಕನಿಗೇ ದಾರಿ ತುಂಬಿ ಹೋಗುತ್ತಿತ್ತು. ಆಕೆ ತಾಳೆಗರಿಯನ್ನೇ ನಂಬಿದ್ದು ತಾಂತ್ರಿಕವಾಗಿಯೂ ಸರಿಯಾದ ನಿರ್ಧಾರ.

ಮೊಮ್ಮಗನಿಗೆ ಇರುವ ಶ್ರೋತೃ ಒಬ್ಬನೇ. ಒಂದು ಯಂತ್ರದಿಂದ ಇನ್ನೊಂದಕ್ಕೆ ನೇರವಾಗಿ ಯುನಿಕಾಸ್ಟ್ ಸುರಂಗ ತೋಡಿದ್ದರೆ ಅಂದೇ ಮುಗಿಯುತ್ತಿತ್ತು. ಆದರೆ ಕಲಿತ ವಿದ್ಯೆ ಸುಮ್ಮನಿರಗೊಡದು. ನಾಳೆ ಹಿತ್ತಲಿನಲ್ಲೂ ಒಂದು ಬಾಕ್ಸು ಇಟ್ಟರೆ, ದನದ ಕೊಟ್ಟಿಗೆಯಲ್ಲೂ ಇಟ್ಟರೆ ಎಂಬ ದೂರಾಲೋಚನೆಯಿಂದ ಅವನು ಮಲ್ಟಿಕಾಸ್ಟ್ ಹಿಡಿದ. ಪಲ್ಸ್‌ಆಡಿಯೋದ ಆರ್‌ಟಿಪಿ ಮಾಡ್ಯೂಲಿಗೆ, ಎಂದರೆ ಧ್ವನಿಯನ್ನು ನೆಟ್ಟಿಗೆ ಬಿಡುವ ತುಣುಕಿಗೆ, ಬೇರೆ ವಿಳಾಸ ಹೇಳದಿದ್ದರೆ ಅದು 224.0.0.56 ಎಂಬ ಗುಂಪಿನ ವಿಳಾಸಕ್ಕೆ ಧ್ವನಿಯನ್ನು ಸುರಿಯುತ್ತದೆ, ಬೇಕಾದವರು ಹಿಡಿದುಕೊಳ್ಳಬೇಕು. ತಂತಿಯ ಮೇಲೆ ಇದು ಸಲೀಸು. ಮನೆಯಲ್ಲಿ ಇದ್ದದ್ದು ವೈಫೈ.

ವೈಫೈ ಶಾಸ್ತ್ರದ ಒಂದು ಗೂಢ ಇಲ್ಲಿದೆ. ಒಬ್ಬರಿಗೇ ಕಳಿಸುವಾಗ ಅದು ವೇಗವಾಗಿ ಕಳಿಸುತ್ತದೆ, ಮುಟ್ಟಿತೋ ಇಲ್ಲವೋ ಎಂದು ಕೇಳಿ ಮತ್ತೆ ಕಳಿಸುತ್ತದೆ. ಗುಂಪಿಗೆ ಕಳಿಸುವಾಗ ಎಲ್ಲಕ್ಕಿಂತ ಮಂದ ಕಿವಿಯವನಿಗೂ ತಿಳಿಯಲಿ ಎಂದು ಅತಿ ನಿಧಾನದ ದರಕ್ಕೆ ಇಳಿಯುತ್ತದೆ, 2.4 ಗಿಗಾಹರ್ಟ್ಸ್‌ನ ಹಳೆಯ ರೂಟರುಗಳಲ್ಲಿ ಅದು ಸೆಕೆಂಡಿಗೆ 1 ಮೆಗಾಬಿಟ್ಟಿನಷ್ಟು ಕೆಳಗೂ ಹೋಗುತ್ತದೆ. ಮುಟ್ಟಿತೋ ಎಂದು ಕೇಳುವುದೂ ಇಲ್ಲ. ಒಂದು ಮೆಗಾಬಿಟ್ಟಿನ ದಾರಿಯಲ್ಲಿ ಒಂದೂವರೆ ಮೆಗಾಬಿಟ್ಟಿನ ಗವಾಯಿಗಳು ಹೊರಟರು. ಪರಿಣಾಮ: ಅವ್ವನ ಮೊಬೈಲಿನ ಧಾರಾವಾಹಿಯಲ್ಲಿ ಅತ್ತೆ ಕೈಯೆತ್ತಿದಲ್ಲೇ ನಿಂತಳು, ಸೊಸೆಗೆ ಬೀಳಬೇಕಾದ ಏಟು ಬೀಳಲೇ ಇಲ್ಲ. ತಂಗಿಯ ಆನ್‌ಲೈನ್ ಪಾಠದ ಮೇಷ್ಟ್ರು ಬಾಯಿ ತೆರೆದು ಬಿಂಬವಾದರು. ಪಡಸಾಲಿಯಿಂದ ಅಜ್ಜನ ಷರಾ ಬಂತು:

“ಏ ತಮ್ಮಾ, ಗವಾಯಿಗೋಳಿಗೆ ಉಬ್ಬಸ ಹತ್ತಿದಂಗ ಆಗೈತಲೋ!”

ಇನ್ನೂ ಸೂಕ್ಷ್ಮವಾದ ಸಂಗತಿಯೆಂದರೆ, ಹಾಡು ನಿಲ್ಲಿಸಿದ ಮೇಲೂ ಮನೆಯ ನೆಟ್ಟು ಮೇಲೇಳಲಿಲ್ಲ. ಹಾಡು ಇಲ್ಲದಾಗಲೂ ಆ ಮಾಡ್ಯೂಲು ಮೌನವನ್ನು ಅಷ್ಟೇ ಶ್ರದ್ಧೆಯಿಂದ ಕಳಿಸುತ್ತಿತ್ತು. ಅದೇ 48,000 ಮಾದರಿ, ಅದೇ 16 ಬಿಟ್, ಎಲ್ಲವೂ ಸೊನ್ನೆ. ಗಂಟೆಗೆ 691 ಮೆಗಾಬೈಟ್ ಸೊನ್ನೆ. ಮಾತು ಬೆಳ್ಳಿ, ಮೌನ ಬಂಗಾರ ಎಂದವರಿಗೆ ಮೌನದ ಈ ಬೆಲೆ ಗೊತ್ತಿರಲಿಕ್ಕಿಲ್ಲ.

ಬ್ಯಾರೇಜು ಸಿದ್ಧಾಂತ

ಮಲ್ಟಿಕಾಸ್ಟ್ ಬಿಟ್ಟು ಮೊಮ್ಮಗ ಸುರಂಗಕ್ಕೆ ಬಂದ. ಕೆಳಗಿನ ಯಂತ್ರ 4713ರಲ್ಲಿ ಕದ ತೆರೆಯಿತು. ಮೇಲಿನ ಯಂತ್ರದ ಸ್ಪೀಕರುಗಳ ಪಟ್ಟಿಯಲ್ಲಿ ‘ಪಡಸಾಲಿ’ ಎಂಬ ಹೊಸ ಸ್ಪೀಕರು ಕಾಣಿಸಿಕೊಂಡಿತು. ಈಗ ಎದುರಾದದ್ದು ‘ಈಗ’ದ ಪ್ರಶ್ನೆ.

ಹಮ್ಮಿಗಿಯವರಿಗೆ ಇದನ್ನು ವಿವರಿಸುವುದು ಸುಲಭ, ಊರ ಮುಂದೆಯೇ ಉದಾಹರಣೆ ಕಟ್ಟಿ ನಿಲ್ಲಿಸಿದ್ದಾರೆ. ಮೇಲಿನಿಂದ ಹೊಳೆ ಹರಿದು ಬರುವುದು ತನ್ನ ಮನಸ್ಸಿಗೆ ಬಂದಂತೆ. ಒಮ್ಮೆ ಉಕ್ಕಿ, ಒಮ್ಮೆ ಸೊರಗಿ. ಕಾಲುವೆಗೆ ಬೇಕಾದದ್ದು ಒಂದೇ ಸಮನಾದ ನೀರು. ನಡುವೆ ಬ್ಯಾರೇಜು ಕಟ್ಟಿ ಒಂದಷ್ಟು ನಿಲ್ಲಿಸಿಕೊಂಡರೆ ಹೊಳೆಯ ಹುಚ್ಚಾಟ ಕಾಲುವೆಗೆ ತಿಳಿಯುವುದಿಲ್ಲ. ಧ್ವನಿಯ ಪ್ಯಾಕೆಟ್ಟುಗಳೂ ವೈಫೈ ಮೇಲೆ ಹಾಗೆಯೇ ಬರುತ್ತವೆ: ನಾಲ್ಕು ಒಟ್ಟಿಗೆ, ಆಮೇಲೆ ಒಂದೂ ಇಲ್ಲ, ಆಮೇಲೆ ಏಳು. ಅಜ್ಜನ ಬಾಕ್ಸಿಗೆ ಮಾತ್ರ ಸೆಕೆಂಡಿಗೆ ಸರಿಯಾಗಿ 48,000 ಬೇಕು. ಕೆಳಗಿನ ಯಂತ್ರ ಅದಕ್ಕಾಗಿ ಕಟ್ಟಿಕೊಳ್ಳುವ ಕಟ್ಟೆಗೆ ಬಫರ್ ಎಂದು ಹೆಸರು. ಕಟ್ಟೆ ಗಿಡ್ಡವಾದರೆ ಧ್ವನಿ ಕಡಿದು ಕಡಿದು ಬರುತ್ತದೆ. ಎತ್ತರವಾದಷ್ಟೂ ಹರಿವು ಸಮ, ಆದರೆ ಹಿನ್ನೀರು ಹಿಂದಕ್ಕೆ ಸರಿದಂತೆ ವಿಳಂಬವೂ ಬೆಳೆಯುತ್ತದೆ. ಬ್ಯಾರೇಜಿನ ಲಾಭ ಕೆಳಗಿನವರಿಗೆ, ಮುಳುಗಡೆ ಮೇಲಿನವರಿಗೆ. ಧ್ವನಿಯಲ್ಲಿ ಮುಳುಗಡೆಯಾಗುವುದು ‘ಈಗ’. ಅದಕ್ಕೆ ಪರಿಹಾರದ ಹಣ ಯಾವ ಇಲಾಖೆಯೂ ಕೊಡುವುದಿಲ್ಲ.

ಎಷ್ಟು ಎತ್ತರ ಸಾಕು? ಪೈಪ್‌ವೈರ್ ತನ್ನ ಸುರಂಗಕ್ಕೆ ತಾನಾಗಿ ಇಟ್ಟುಕೊಳ್ಳುವುದು 200 ಮಿಲಿಸೆಕೆಂಡು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆಂದು ಹಿಡಿದರೆ, ಅಷ್ಟು ಹೊತ್ತಿನಲ್ಲಿ ಅದು 68 ಮೀಟರ್ ದಾಟಿರುತ್ತದೆ. ಎಂದರೆ ನೆಟ್‌ವರ್ಕ್ ಇಲ್ಲದೆ, ಗವಾಯಿಗಳನ್ನು 68 ಮೀಟರ್ ಆಚೆಯ ಓಣಿಯ ಕಟ್ಟೆಯ ಮೇಲೆ ಕೂಡಿಸಿ ಹಾಡಿಸಿದ್ದರೂ ಅಜ್ಜನಿಗೆ ಅಷ್ಟೇ ತಡವಾಗಿ ಕೇಳುತ್ತಿತ್ತು. ಹಾಡಿಗೆ ಇದರಿಂದ ಬಾಧೆಯೇ ಇಲ್ಲ. ವಿಲಂಬಿತದಲ್ಲಿ ರಾಗ ಬಿಚ್ಚಿಕೊಳ್ಳುವಾಗ ಅರ್ಧ ಸೆಕೆಂಡಿನ ಲೆಕ್ಕ ಕೇಳುವವನು ರಸಿಕನಲ್ಲ, ಆಡಿಟರ್.

ಸಿನಿಮಾಕ್ಕೆ ಮಾತ್ರ ಬಾಧೆಯಿದೆ. ಧ್ವನಿ ಚಿತ್ರಕ್ಕಿಂತ 125 ಮಿಲಿಸೆಕೆಂಡಿನಷ್ಟು ಹಿಂದೆ ಬಿದ್ದರೆ ನೋಡುವವರಿಗೆ ತಿಳಿಯತೊಡಗುತ್ತದೆ, 185 ದಾಟಿದರೆ ಸಹಿಸುವುದಿಲ್ಲ ಎಂದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಬರೆದಿಟ್ಟಿದೆ. ಎಲ್ಲಕ್ಕಿಂತ ಹೆಚ್ಚಿನ ಬಾಧೆ ಕ್ರಿಕೆಟ್ಟಿಗೆ. ಪಕ್ಕದ ಮನೆಯವರು ಕಿರುಚಿದ ಮೇಲೆ ನಮ್ಮ ಮನೆಯ ಬಾಕ್ಸಿನಲ್ಲಿ ಬೌಲರ್ ಓಡಿ ಬರುವುದಾದರೆ, ಆ ಮನೆಗೂ ಈ ಮನೆಗೂ ಸಂಬಂಧ ಉಳಿಯುವುದು ಕಷ್ಟ.

ಎಚ್‌ಎಂಟಿ ಪ್ರಕರಣ

ಕಟ್ಟೆಯ ಎತ್ತರ ಸರಿಹೋದ ಮೇಲೆ ಇನ್ನೊಂದು ವಿಘ್ನ. ಸಂಜೆ ಚೆನ್ನಾಗಿದ್ದ ಹಾಡು ರಾತ್ರಿ ಊಟದ ಹೊತ್ತಿಗೆ ಒಮ್ಮೆ ಬಿಕ್ಕಳಿಸುವುದು. ಮೊಮ್ಮಗ ಕೇಬಲ್ಲು ನೋಡಿದ, ರೂಟರು ನೋಡಿದ. ಕಾರಣ ಅವುಗಳಲ್ಲಿರಲಿಲ್ಲ, ಕಾಲದಲ್ಲಿತ್ತು.

ಪ್ರತಿ ಸೌಂಡ್ ಕಾರ್ಡಿನಲ್ಲೂ ಮಾದರಿಗಳನ್ನು ಎಣಿಸಲು ಒಂದು ಸ್ಫಟಿಕವಿದೆ. ಮೇಲಿನದು 48,000 ಎಂದಾಗ ಕೆಳಗಿನದೂ 48,000 ಎನ್ನುತ್ತದೆ. ಆದರೆ ಎರಡರ ಸೆಕೆಂಡೂ ಒಂದೇ ಅಳತೆಯದಲ್ಲ. ವ್ಯತ್ಯಾಸ ಹತ್ತು ಲಕ್ಷಕ್ಕೆ 50 ಎಂದಿಟ್ಟುಕೊಂಡರೆ ಸೆಕೆಂಡಿಗೆ 2.4 ಮಾದರಿ ಹೆಚ್ಚುಕಡಿಮೆ. ಗಂಟೆಗೆ 8,640. ಎಂದರೆ ಒಂದು ಗಂಟೆಯಲ್ಲಿ ಸುಮಾರು 180 ಮಿಲಿಸೆಕೆಂಡು. ಕೆಳಗಿನ ಗಡಿಯಾರ ಓಡುವುದಾದರೆ 200 ಮಿಲಿಸೆಕೆಂಡಿನ ಕಟ್ಟೆ ಗಂಟೆ ದಾಟುತ್ತಲೇ ಬರಿದಾಗುತ್ತದೆ.

ಈ ವಿಷಯವನ್ನು ಅಜ್ಜನ ಮುಂದಿಟ್ಟಾಗ ನಡೆದ ಸಂವಾದವನ್ನು ಕ್ಷೇತ್ರಕಾರ್ಯದ ಟಿಪ್ಪಣಿಯಿಂದ ಹಾಗೆಯೇ ಕೊಡಲಾಗಿದೆ.

“ಎರಡೂ ಕಂಪ್ಯೂಟರ್ದಾಗ ಟೈಮ್ ಬ್ಯಾರೆ ಬ್ಯಾರೆ ಐತಿ ಅಜ್ಜಾ.”

“ಹಂಗಾರ ಯಾವುದು ಖರೇ?”

“ಎರಡೂ ಖರೇನ.”

“ಹಂಗ ಹ್ಯಾಂಗ ಆಕ್ಕೈತಿ? ನನ್ನ ಕೈಗಡಿಯಾರ ನೋಡಿ ಎರಡೂ ತಿದ್ದು.”

ಅಜ್ಜನ ಕೈಯಲ್ಲಿರುವುದು ಎಚ್‌ಎಂಟಿ. ಬೆಂಗಳೂರಿನ ಆ ಕಾರ್ಖಾನೆ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಕೈಗಡಿಯಾರ ತಯಾರಿಸತೊಡಗಿತು. ಅಜ್ಜನದು ದಿನಾ ಬೆಳಿಗ್ಗೆ ಕೀಲಿ ಕೊಡಬೇಕಾದದ್ದು, ಧಾರವಾಡದ ರೇಡಿಯೋ ವಾರ್ತೆಯ ಹೊತ್ತಿಗೆ ತಿದ್ದಿಕೊಳ್ಳುವಂಥದು. ಹಾಸ್ಯವೆಂದು ತಳ್ಳಿಹಾಕಬಾರದು, ಅಜ್ಜನ ಸಿದ್ಧಾಂತವೂ ಪಲ್ಸ್‌ಆಡಿಯೋದ ಸಿದ್ಧಾಂತವೂ ಬಹುಪಾಲು ಒಂದೇ. ಒಬ್ಬನನ್ನು ಪ್ರಮಾಣವೆಂದು ಒಪ್ಪಿ ಇನ್ನೊಬ್ಬನು ಹೊಂದಿಕೊಳ್ಳಬೇಕು. ತಂತ್ರಾಂಶ ಕಟ್ಟೆಯ ಮಟ್ಟವನ್ನು ನೋಡುತ್ತ, ಇಳಿದರೆ ಹಾಡನ್ನು ಕೂದಲೆಳೆಯಷ್ಟು ನಿಧಾನಿಸುತ್ತದೆ, ಏರಿದರೆ ಅಷ್ಟೇ ಚುರುಕುಗೊಳಿಸುತ್ತದೆ. ಶ್ರುತಿ ಎಷ್ಟು ಅಲುಗಿತೆಂದು ಹೇಳಲು ಗವಾಯಿಗಳ ಕಿವಿಯೇ ಬೇಕು, ಅಳೆಯಲು ನಮ್ಮ ಬಳಿ ಉಪಕರಣವಿಲ್ಲ.

ಅರ್ಧ ಅರ್ಧ ಒಪ್ಪಿಗೆಯ ಗಣಿತ

ಅನುಮತಿಯ ಅಧ್ಯಾಯ ಚಿಕ್ಕದು. ಕೆಳಗಿನ ಯಂತ್ರ ಯಾರೆಂದರೆ ಅವರ ಧ್ವನಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕುಕ್ಕಿ ಎಂಬ 256 ಬೈಟಿನ ಒಂದು ಗುರುತುಚೀಟಿ ಎರಡೂ ಕಡೆ ಒಂದೇ ಇರಬೇಕು. ಅದನ್ನು ನಕಲು ಮಾಡುವ ಬೇಸರಕ್ಕೆ ಮೊಮ್ಮಗ ‘ಯಾರಾದರೂ ಬನ್ನಿ’ ಎಂದು ಅನಾಮಿಕ ಪ್ರವೇಶಕ್ಕೆ ಒಪ್ಪಿಗೆ ಬರೆದುಬಿಟ್ಟ. ಹಗಲು ಹೊತ್ತು ಬಾಗಿಲು ಹಾಕದ ಊರಿನಲ್ಲಿ ಇದು ಸಹಜವೇ. ಆದರೆ ಈ ಬಾಗಿಲಿಗೆ ಒಂದು ಗುಣವಿದೆ. ಅದು ಸ್ಪೀಕರನ್ನು ಮಾತ್ರ ತೆರೆಯುವುದಿಲ್ಲ, ಆ ಯಂತ್ರದ ಮೈಕನ್ನೂ ತೆರೆಯುತ್ತದೆ. ಕೋವಿಡ್ ಕಾಲದ ಪಾಠಕ್ಕೆಂದು ತಂದ ವೆಬ್‌ಕ್ಯಾಮೊಂದು ಪಡಸಾಲಿಯ ಮಾನಿಟರಿನ ನೆತ್ತಿಯ ಮೇಲೆ ಇನ್ನೂ ಕುಳಿತಿತ್ತು. ಈ ವಾಕ್ಯವನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಇನ್ನು ಧ್ವನಿಯ ಏರಿಳಿತ. ಪ್ರಬಂಧದ ಹೊಸ ಶೋಧ ಇಲ್ಲಿದೆ. ಮನೆಯಲ್ಲಿ ಧ್ವನಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದು ತಂತ್ರಜ್ಞಾನದ ಪ್ರಶ್ನೆ. ಎಷ್ಟು ಹೋಗುತ್ತದೆ ಎಂಬುದು ಅಧಿಕಾರದ ಪ್ರಶ್ನೆ. ಹಾಡಿನ ಸ್ಟ್ರೀಮಿಗೆ ಒಂದು ವಾಲ್ಯೂಮ್, ಅದು ಮೊಮ್ಮಗನ ಕೈಯಲ್ಲಿ. ಸುರಂಗಕ್ಕೆ ಒಂದು, ಅದನ್ನು ಪರೀಕ್ಷೆ ಇದೆಯೆಂದು ತಂಗಿ ಬಂದು ಇಳಿಸುತ್ತಾಳೆ. ಕೆಳಗಿನ ಸೌಂಡ್ ಕಾರ್ಡಿಗೆ ಒಂದು, ಫೋನು ಬಂದಾಗ ಅವ್ವ ತಗ್ಗಿಸುತ್ತಾಳೆ. ಆಂಪ್ಲಿಫೈಯರಿನ ತಿರುಗುಣಿ ಅಜ್ಜನದು.

ಪ್ರತಿಯೊಬ್ಬರೂ ಉದಾರಿಗಳೇ. ಪೂರಾ ಮುಚ್ಚಿದವರು ಯಾರೂ ಇಲ್ಲ, ಅರ್ಧಕ್ಕಿಟ್ಟರು, ಅಷ್ಟೇ. ಆದರೆ ಪಲ್ಸ್‌ಆಡಿಯೋದಲ್ಲಿ ಅರ್ಧವೆಂದರೆ ಅರ್ಧವಲ್ಲ. ಕಿವಿಯ ಸ್ವಭಾವಕ್ಕೆ ಹೊಂದಲೆಂದು ಅಲ್ಲಿ ಸಂಖ್ಯೆಯ ಘನ ತೆಗೆದುಕೊಳ್ಳುತ್ತಾರೆ. ಶೇಕಡಾ 50 ಎಂದರೆ ಅಲೆಯ ಎತ್ತರ ಎಂಟನೆಯ ಒಂದು ಭಾಗ, 18 ಡೆಸಿಬೆಲ್ ಕಡಿತ. ಇಬ್ಬರು ಅರ್ಧ ಒಪ್ಪಿದರೆ ಅರವತ್ನಾಲ್ಕನೆಯ ಒಂದು. ಮೂವರು ಒಪ್ಪಿದರೆ ಐನೂರಾ ಹನ್ನೆರಡನೆಯ ಒಂದು ಭಾಗ, 54 ಡೆಸಿಬೆಲ್ ಕಡಿತ. ಮೂರು ಜನ ಅರ್ಧರ್ಧ ಒಪ್ಪಿದ ಕೆಲಸ ಕೆಳಗೆ ಮುಟ್ಟುವಷ್ಟರಲ್ಲಿ ಏನಾಗುತ್ತದೆಂಬುದು ಗ್ರಾಮ ಪಂಚಾಯತಿಯ ಠರಾವು ಪುಸ್ತಕ ನೋಡಿದವರಿಗೆ ಹೊಸದಲ್ಲ. ಅದಕ್ಕೊಂದು ಸಮೀಕರಣ ದೊರೆತದ್ದು ಇದೇ ಮೊದಲು.

“ಹಾಡು ಬರಾಕತ್ತೈತೇನ ಅಜ್ಜಾ?”

“ಬರಾಕತ್ತೈತಿ ಅಂತ ನೀನ ಅಂತಿ. ನನಗೇನೂ ಕೇಳವಲ್ದು.”

ಅಜ್ಜ ತಿರುಗುಣಿಯನ್ನು ಕೊನೆಯವರೆಗೆ ತಿರುವಿದ. ಮೊಮ್ಮಗ ಮೂರೂ ಕಡೆ ನೂರಕ್ಕೆ ಏರಿಸಿ, ತಂಗಿಗೂ ಅವ್ವನಿಗೂ ಕೈ ಮುಗಿದು, ಪಡಸಾಲಿಯನ್ನೇ ಲ್ಯಾಪ್‌ಟಾಪಿನ ಕಾಯಂ ಸ್ಪೀಕರೆಂದು ನಿಗದಿ ಮಾಡಿದ. ಅಂದಿನಿಂದ ಹಾಡಷ್ಟೇ ಅಲ್ಲ, ಲ್ಯಾಪ್‌ಟಾಪಿನೊಳಗಿನ ಪ್ರತಿಯೊಂದು ಶಬ್ದಕ್ಕೂ ಪಡಸಾಲಿಯ ಹಾದಿ ಗೊತ್ತಾಯಿತು. ಇ–ಮೇಲ್ ಬಂದ ಸದ್ದಿಗೆ ಗೋಡೆಯ ಮೇಲಿನ ಪಾರಿವಾಳ ಹಾರಿದ್ದು ಕ್ಷೇತ್ರಟಿಪ್ಪಣಿಯಲ್ಲಿ ದಾಖಲಾಗಿದೆ.

ಉಪಸಂಹಾರದ ಬದಲು ಒಂದು ಪ್ರಯೋಗವರದಿ

ಕಂಪನಿಯ ಮೀಟಿಂಗುಗಳಿಗೆ ಮೊಮ್ಮಗ ಹೆಡ್‌ಸೆಟ್ ಹಾಕಿಕೊಳ್ಳುತ್ತಾನೆ. ಒಂದು ಸಂಜೆ ಮೀಟಿಂಗಿನ ನಡುವೆಯೇ ಅದರ ಬ್ಯಾಟರಿ ಮುಗಿಯಿತು. ಲ್ಯಾಪ್‌ಟಾಪು ತನಗೆ ಕಲಿಸಿದಂತೆ ಕಾಯಂ ಸ್ಪೀಕರನ್ನು ಹುಡುಕಿತು: ಪಡಸಾಲಿ. ಮೈಕನ್ನು ಹುಡುಕಿತು: ಪಟ್ಟಿಯಲ್ಲಿ ಮುಂದೆ ಇದ್ದದ್ದು ಪಡಸಾಲಿಯ ವೆಬ್‌ಕ್ಯಾಮಿನದು. ಹೆಡ್‌ಸೆಟ್ಟಿನ ವೈರು ಹುಡುಕಲು ಮೊಮ್ಮಗ ಕಪಾಟಿನೊಳಗೆ ತಲೆ ಹಾಕಿದ್ದ.

ಎರಡು ಬಾಕ್ಸುಗಳಿಂದ, ತಿರುಗುಣಿ ಕೊನೆಗಿದ್ದ ಆಂಪ್ಲಿಫೈಯರಿನಿಂದ, ಬೆಂಗಳೂರಿನ ಮ್ಯಾನೇಜರರ ಧ್ವನಿ ಪಡಸಾಲಿ ತುಂಬಿ ಓಣಿಯ ಕಟ್ಟೆಯ ತನಕ ಹರಿಯಿತು: “ಹಾಗಾದ್ರೆ ಈ ಕೆಲ್ಸಾನ ಸೋಮವಾರ ಮಾಡಿಬಿಡೋಣ್ವಾ?”

ತನ್ನ ಮನೆಯ ಪಡಸಾಲಿಯಲ್ಲಿ, ಕನ್ನಡದಲ್ಲಿ, ಅಷ್ಟು ವಿನಯದಿಂದ ಕೇಳಿದ ಪ್ರಶ್ನೆಗೆ ಹಿರಿಯನಾದವನು ಉತ್ತರ ಕೊಡದೆ ಇರುವುದು ಹೇಗೆ? ಅಜ್ಜ ಎಲೆ–ಅಡಿಕೆ ಒಂದು ಬದಿಗೆ ಸರಿಸಿಕೊಂಡ. ಮೇಲಿನಿಂದ ಕೆಳಗೆ ಬರಲು 200 ಮಿಲಿಸೆಕೆಂಡು, ಕೆಳಗಿನಿಂದ ಮೇಲೆ ಹೋಗಲು ಇನ್ನೊಂದು 200, ಬೆಂಗಳೂರಿನ ದಾರಿಯದು ಬೇರೆ. ಉತ್ತರಕ್ಕೆ ಮುಂಚಿನ ಆ ಬಿಡುವನ್ನು ಬೆಂಗಳೂರಿನ ಕಡೆಯವರು ಯೋಚನೆಯ ಆಳವೆಂದು ತಿಳಿದರು.

“ಸೋಮವಾರ ಬ್ಯಾಡ್ರಿ. ಬಸವಣ್ಣನ ವಾರ. ಎತ್ತಿನ ಹೆಗಲಿಗೆ ನೊಗ ಇಡೂದಿಲ್ಲ. ಮಂಗಳವಾರ ನೋಡೋಣಂತ.”

ಆ ಕಡೆಯೂ ಸ್ವಲ್ಪ ಹೊತ್ತು ಬಿಡುವು. ಅದು ಬಫರಿನದಲ್ಲ.

“ಓಕೆ ಸರ್, ಮಂಗಳವಾರ ಅಂತ ಹಾಕ್ಕೋತೀನಿ. ಟೆಸ್ಟಿಂಗ್ ಟೀಮಿನವ್ರಿಗೂ ಹೇಳ್ಬಿಡ್ಲಾ?”

“ಅವರ ಮನ್ಯಾಗೂ ಎತ್ತು ಅದಾವೇನ್ರಿ?”